ಹತ್ತಿ ಹೊಲದಲ್ಲಿ ಕಳೆದುಹೋದ ಮಧ್ಯಾಹ್ನ

ಒಂದು ಮಧ್ಯಾಹ್ನ ನನ್ನ ನೆನಪಿಗೆ ಸಿಕ್ಕಿಲ್ಲ. ಅದಕ್ಕೆ ಮುಂಚಿನದು ನೆನಪಿದೆ, ಆಮೇಲಿನದೂ ನೆನಪಿದೆ. ನಡುವಿನ ಆ ಹೊತ್ತು ಮಾತ್ರ ನನ್ನ ಬಳಿ ಇಲ್ಲ, ಅವತ್ತು ನಮ್ಮ ಹೊಲಕ್ಕೆ ಕೆಲಸಕ್ಕೆ ಬಂದಿದ್ದ ಹೆಂಗಸರ ಬಳಿ ಇದೆ. ಬಿಸಿಲು ಬಡಿದು ಬಿದ್ದವಳು ನಾನು. ಬದುಕಿ ಎದ್ದ ಮೇಲೆ, ಇವಳು ಇನ್ನು ಹೊಲಕ್ಕೆ ಹೋಗಬಲ್ಲಳೇ ಎಂಬುದು ಮನೆಯವರ ಚಿಂತೆಯಾಗಿತ್ತು. ನನ್ನನ್ನು ಕೊರೆಯುತ್ತಿದ್ದದ್ದು ಬೇರೆ. ಆ ಹೊತ್ತಿನಲ್ಲಿ ನಾನು ಏನು ಮಾಡಿದೆ? ಏನು ಮಾತಾಡಿದೆ? ಕೇಳಿದರೆ ಒಬ್ಬರೂ ನೇರವಾಗಿ ಹೇಳುತ್ತಿರಲಿಲ್ಲ. ನನ್ನ ಮುಖ ನೋಡಿ, ಆಮೇಲೆ ಅತ್ತೆಯ ಮುಖ ನೋಡಿ, ಮಾತು ಬೇರೆ ಕಡೆ ತಿರುಗಿಸುತ್ತಿದ್ದರು.

ನನ್ನ ಹೆಸರು ಅಮರಮ್ಮ. ತವರು ದೇವದುರ್ಗ. ಹತ್ತನೆಯ ತರಗತಿಯವರೆಗೆ ಅಲ್ಲೇ ಓದಿದೆ. ಮದುವೆಯಾಗಿ ಬಂದದ್ದು ಮಾನ್ವಿ ತಾಲೂಕಿನ ಬಾಗಲವಾಡದ ಹತ್ತಿರ ಒಂದು ಸಣ್ಣ ಊರಿಗೆ. ನಮ್ಮದು ಕುರಿ ಕಾಯುತ್ತ ಒಕ್ಕಲುತನವನ್ನೂ ಮಾಡುವ ಮನೆ. ಕುರಿ ನನ್ನ ಗಂಡನ ಪಾಲಿಗೆ, ಹೊಲ ನನ್ನ ಮತ್ತು ಅತ್ತೆ ಹುಲಿಗೆಮ್ಮನ ಪಾಲಿಗೆ. ಗಂಡನ ಹೆಸರು ಮಾಳಪ್ಪ. ಬಾಯಿಂದ ಹೇಳುವುದಕ್ಕೆ ಇವತ್ತಿಗೂ ನಾಲಿಗೆ ಏಳುವುದಿಲ್ಲ, ಬರೆಯುವುದಕ್ಕೆ ಅಡ್ಡಿಯಿಲ್ಲ ನೋಡಿ.

ಎರೆಹೊಲದಲ್ಲಿ ನಾವು ಹತ್ತಿ ಬೆಳೆಯುತ್ತೇವೆ. ಹತ್ತಿ ಬಿಡಿಸಿ ಮುಗಿದ ಮೇಲೆ ಗಿಡಗಳು ಹಾಗೇ ಒಣಗಿ ನಿಂತಿರುತ್ತವೆ. ಆ ಹತ್ತಿಕಟ್ಟಿಗೆಯನ್ನೆಲ್ಲ ಮಳೆಗಾಲಕ್ಕೆ ಮೊದಲು ಬೇರುಸಮೇತ ಕಿತ್ತು ಹೊಲ ಹಸನು ಮಾಡಬೇಕು. ಇದು ಯುಗಾದಿ ಕಳೆದು ಬಿಸಿಲು ಏರುವ ಹೊತ್ತಿನ ಕೆಲಸ. ಅಂಗೈಗೆ ಹಳೆ ಬಟ್ಟೆ ಸುತ್ತಿಕೊಂಡು, ಬಗ್ಗಿ, ಒಂದೊಂದು ಗಿಡವನ್ನೂ ಅತ್ತ ಇತ್ತ ಅಲ್ಲಾಡಿಸಿ ಎಳೆಯಬೇಕು. ನೆಲ ಕಲ್ಲಾಗಿರುತ್ತದೆ. ಇವತ್ತು ನಮ್ಮ ಹೊಲಕ್ಕೆ ನೀವು, ನಾಳೆ ನಿಮ್ಮ ಹೊಲಕ್ಕೆ ನಾವು ಎಂದು ಹೆಂಗಸರು ಕೂಡಿಕೊಂಡು ಮಾಡುತ್ತೇವೆ.

ಈ ಕೆಲಸಕ್ಕೆ ಹೋದಾಗ ನಾವು ನೀರು ಕುಡಿಯುವುದು ಕಡಿಮೆ. ಯಾಕೆಂದು ಹೆಂಗಸರಿಗೆ ಹೇಳಬೇಕಾಗಿಲ್ಲ. ಗಂಡಸರಿಗಾಗಿ ಹೇಳುತ್ತೇನೆ. ನೀರು ಕುಡಿದರೆ ಹೊರಗೆ ಹೋಗಬೇಕಾಗುತ್ತದೆ. ಹತ್ತಿಗಿಡ ಎದೆಯೆತ್ತರ ನಿಂತಿರುವವರೆಗೆ ಅದೇ ನಮಗೆ ಗೋಡೆ. ನಾಲ್ಕು ಸಾಲು ಒಳಗೆ ಹೋಗಿ ಕೂತರೆ ಯಾರಿಗೂ ಕಾಣುವುದಿಲ್ಲ. ಆದರೆ ಕಟ್ಟಿಗೆ ಕಿತ್ತಂತೆಲ್ಲ ಹೊಲ ಬಯಲಾಗುತ್ತ ಹೋಗುತ್ತದೆ. ನಮ್ಮ ಮರೆಯನ್ನು ನಾವೇ ಬೆಳಗಿನಿಂದ ಕಿತ್ತು ಕಿತ್ತು ರಾಶಿ ಹಾಕುತ್ತೇವೆ. ಪಕ್ಕದಲ್ಲಿ ಕಾಲುವೆ ದಾರಿ, ಅದರ ಮೇಲೆ ಬೈಕು, ಟ್ರ್ಯಾಕ್ಟರ್, ಕುರಿ ಹೊಡೆದುಕೊಂಡು ಹೋಗುವವರು. ಬದುವಿನ ಮೇಲೆ ಒಂದೇ ಒಂದು ಜಾಲಿ ಮರ, ಅದರಡಿಯಲ್ಲಿ ಸದಾ ಯಾರಾದರೂ ಗಂಡಸರು ಕೂತಿರುತ್ತಾರೆ. ಹೀಗಾಗಿ ಬೆಳಿಗ್ಗೆ ಮನೆ ಬಿಡುವಾಗ ಒಂದು ಲೋಟ, ಸಂಜೆ ಮನೆ ಮುಟ್ಟಿದ ಮೇಲೆ ಹೊಟ್ಟೆ ತುಂಬ. ಬುತ್ತಿಯ ಜೊತೆ ಗಂಟಲು ಹಸಿಯಾಗುವಷ್ಟು. ನಮ್ಮವ್ವ ಹಾಗೆ ಮಾಡುತ್ತಿದ್ದಳು, ನಾನೂ ಹಾಗೆ ಮಾಡುತ್ತಿದ್ದೆ. ಇದು ಕಷ್ಟ ಎಂದು ಅನ್ನಿಸಿಯೇ ಇರಲಿಲ್ಲ. ಕೆಲಸಕ್ಕೆ ಹೋಗುವಾಗ ತಲೆಗೆ ಸೆರಗು ಸುತ್ತಿಕೊಳ್ಳುವ ಹಾಗೆ ಇದೂ ಒಂದು.

ಆ ವಾರವೆಲ್ಲ ದೇಹ ಏನೋ ಹೇಳುತ್ತಲೇ ಇತ್ತು. ಮಲಗಿದರೆ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ತಲೆ ಒಂದೇ ಸಮ ಸಿಡಿಯುತ್ತಿತ್ತು. ಉರಿಮೂತ್ರ ಆಗಿತ್ತು. ಉಷ್ಣ ಆಗಿದೆ ಎಂದುಕೊಂಡು ಸಬ್ಜಾ ಬೀಜ ನೆನೆಸಿ ಕುಡಿದು ಸುಮ್ಮನಾದೆ.

ಆ ದಿನ ನಮ್ಮ ಹೊಲದ ಸರದಿ. ನನ್ನ ಪಕ್ಕದ ಸಾಲಿನಲ್ಲಿ ಖಾಜಾಬಿ ಇದ್ದಳು. ನಮ್ಮ ಓಣಿಯವಳೇ, ಮದುವೆಯಾಗಿ ಬಂದಾಗಿನಿಂದ ಇಬ್ಬರೂ ಜೋಡಿ ಕೆಲಸದವರು. ಬುತ್ತಿ ಬಿಚ್ಚಿದಾಗ ನನಗೆ ರೊಟ್ಟಿ ಸೇರಲಿಲ್ಲ. ಎದ್ದು ಮತ್ತೆ ಕೆಲಸಕ್ಕೆ ನಿಂತೆ. ನೆರಳು ಕಾಲಡಿಗೆ ಬಂದಿತ್ತು. ಮುಂಜಾನೆಯಿಂದ ಬೆನ್ನಿಗೆ ಅಂಟಿಕೊಂಡಿದ್ದ ಕುಪ್ಪಸ ಒಣಗಿ ಗರಿಗರಿಯಾಗಿದ್ದು ಗೊತ್ತಾಯಿತು. ಬೆವರು ನಿಂತಿತಲ್ಲ, ಒಳ್ಳೆಯದಾಯಿತು ಎಂದುಕೊಂಡೆ. ಒಂದು ಗಿಡ ಹಿಡಿದೆ. ಅದು ಬರಲಿಲ್ಲ. ಮತ್ತೆ ಎಳೆದೆ. ಖಾಜಾಬಿಯ ಬಳೆ ಸದ್ದು ಎಲ್ಲೋ ದೂರದ ಹೊಲದಿಂದ ಬಂದ ಹಾಗೆ ಕೇಳಿಸಿತು. ಅಲ್ಲಿಗೆ ಮುಗಿಯಿತು.

ಕಣ್ಣು ಬಿಟ್ಟಾಗ ಮೇಲೆ ಒಂದು ಫ್ಯಾನು ತಿರುಗುತ್ತಿತ್ತು. ಮೈಮೇಲೆ ಒದ್ದೆ ಬಟ್ಟೆ. ಕೈಗೆ ಸೂಜಿ. ಅತ್ತೆ ನನ್ನ ಪಾದ ಹಿಡಿದುಕೊಂಡು ಕೂತಿದ್ದಳು. ಸೊಸೆಯ ಪಾದ ಅತ್ತೆ ಹಿಡಿಯುವುದೇ? ಎಳೆದುಕೊಳ್ಳಲು ಹೋದೆ, ಕಾಲು ನನ್ನ ಮಾತು ಕೇಳಲಿಲ್ಲ. ಇದು ರಾಯಚೂರಿನ ದೊಡ್ಡ ಆಸ್ಪತ್ರೆ ಎಂದು ಅವಳೇ ಹೇಳಿದಳು. ಹೊಲದಿಂದ ಕವಿತಾಳಕ್ಕೆ ಯಾರದೋ ಟ್ರ್ಯಾಕ್ಟರಿನಲ್ಲಿ ತಂದರಂತೆ, ಅಲ್ಲಿ ಸೂಜಿ ಚುಚ್ಚಿ ಸಲಾಯಿನ್ ಹಾಕಿ ಆಂಬುಲೆನ್ಸಿನಲ್ಲಿ ಇಲ್ಲಿಗೆ ಕಳಿಸಿದರಂತೆ. ನಾನು ಆಂಬುಲೆನ್ಸ್ ಹತ್ತಿದ್ದು ಅದೇ ಮೊದಲು, ಅದೂ ನೆನಪಿಲ್ಲ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ರಾಯಚೂರಿನವರೇ. ನನ್ನ ಬುದ್ಧಿ ಎಷ್ಟು ತಿಳಿಯಾಗಿದೆ ಎಂದು ನೋಡಲು ದಿನಾ ಪ್ರಶ್ನೆ ಕೇಳುತ್ತಿದ್ದರು. ಹೆಸರೇನು, ಯಾವ ಊರು ಎಂದರು. ತಡವರಿಸುತ್ತ ಹೇಳಿದೆ. ಗಂಡನ ಹೆಸರೇನು ಎಂದರು. ನಾನು ಬಾಯಿ ಬಿಡಲಿಲ್ಲ. ಎರಡು ಸಲ ಕೇಳಿದರು. ನಾನು ಗೋಡೆ ನೋಡಿದೆ. ಅವರು ನರ್ಸಿಗೆ ಏನೋ ಬರೆದುಕೊಳ್ಳಲು ಹೇಳಿ, ಇನ್ನೂ ಗೊಂದಲ ಇದೆ ಎಂದು ಅತ್ತೆಗೆ ತಿಳಿಸಿದರು.

"ಆಕಿಗೆ ಗೊಂದಲ ಇಲ್ಲವ್ವಾ," ಎಂದಳು ಅತ್ತೆ. "ಆಕಿಗೆ ನಾಚಿಕಿ ಅದ."

ಡಾಕ್ಟರು ನಕ್ಕು, ಬರೆದದ್ದನ್ನು ಹೊಡೆದುಹಾಕಿಸಿದರು.

ತಲೆ ತಿಳಿಯಾಗುತ್ತ ಬಂದಂತೆ ಗೊತ್ತಾಯಿತು, ಗಂಡಾಂತರ ತಲೆಯಲ್ಲಿ ಅಲ್ಲ, ಕಿಡ್ನಿಯಲ್ಲಿ ಕೂತಿದೆ ಎಂದು. ಬಿಸಿಲಿಗೆ ಎರಡೂ ಕಿಡ್ನಿಗೆ ಪೆಟ್ಟು ಬಿದ್ದಿತ್ತು. ತಾವಾಗಿಯೇ ಕೆಲಸ ಶುರು ಮಾಡಿದರೆ ಸರಿ, ಇಲ್ಲವಾದರೆ ಡಯಾಲಿಸಿಸ್ ಮಾಡಬೇಕಾದೀತು, ಕಾಯೋಣ ಎಂದರು. ನಮ್ಮೂರಿನಲ್ಲಿ ಒಬ್ಬರು ವಾರಕ್ಕೆರಡು ಸಲ ರಾಯಚೂರಿಗೆ ಅದಕ್ಕಾಗಿ ಬಂದು ಹೋಗುವುದನ್ನು ಕಂಡಿದ್ದೆ. ಬಸ್ಸಿನಿಂದ ಇಳಿದು ಅವರು ಮನೆಯವರೆಗೆ ನಡೆಯುವ ನಡಿಗೆ ನನ್ನ ಕಣ್ಣಮುಂದೆ ಬಂತು.

ಹಾಸಿಗೆಯ ಪಕ್ಕಕ್ಕೆ ಒಂದು ಪ್ಲಾಸ್ಟಿಕ್ ಚೀಲ ಕಟ್ಟಿದ್ದರು. ನನ್ನ ಮೂತ್ರ ನಳಿಗೆಯ ಮೂಲಕ ಅದಕ್ಕೆ ಇಳಿಯುತ್ತಿತ್ತು. ಮೊದಲಿಗೆ ತಳದಲ್ಲಿ ಕಡಕ್ ಚಹಾದ ಡಿಕಾಕ್ಷನ್ ಹಾಗೆ ಒಂದಿಷ್ಟು. ಅದು ಹೆಚ್ಚಾಗುತ್ತದೆಯೇ, ಬಣ್ಣ ತಿಳಿಯಾಗುತ್ತದೆಯೇ ಎಂಬುದರ ಮೇಲೆಯೇ ಎಲ್ಲ ನಿಂತಿತ್ತು. ಹುಟ್ಟಿದಾಗಿನಿಂದ ಯಾವುದನ್ನು ಯಾರ ಕಣ್ಣಿಗೂ ಬೀಳದ ಹಾಗೆ, ಯಾರ ಕಿವಿಗೂ ಕೇಳದ ಹಾಗೆ ಮುಚ್ಚಿಕೊಂಡು ಬಂದಿದ್ದೆನೋ, ಅದು ಈಗ ಎಲ್ಲರ ಎದುರು ತೂಗುತ್ತಿತ್ತು. ಡಾಕ್ಟರು ಬಂದವರೇ ನನ್ನ ಮುಖಕ್ಕಿಂತ ಮೊದಲು ಅದನ್ನು ನೋಡುತ್ತಿದ್ದರು. ದೇವದುರ್ಗದಿಂದ ನೋಡಲು ಬಂದ ಅಣ್ಣನೂ ಕಳ್ಳನೋಟದಲ್ಲಿ ಅದನ್ನೇ ನೋಡಿದ. ಮೊದಮೊದಲು ಸತ್ತೇ ಹೋಗಬೇಕೆನ್ನಿಸಿತು. ಆಮೇಲೆ ನನಗೂ ಕುತೂಹಲ ಹತ್ತಿತು. ಕತ್ತು ಹೊರಳಿಸಿ ನಾನೂ ನೋಡತೊಡಗಿದೆ.

ಅತ್ತೆಯಂತೂ ಅದರ ಕಾವಲಿಗೇ ಕೂತಳು. ಮನೆಯಲ್ಲಿ ಇಂಥ ಮಾತು ಬಂದರೆ ಎದ್ದು ಒಳಗೆ ಹೋಗುವ ಹೆಂಗಸು ಅವಳು. ಇಲ್ಲಿ ವಾರ್ಡಿಗೆಲ್ಲ ಕೇಳುವ ಹಾಗೆ, ಈಗ ಒಂದು ಗೆರೆ ಮೇಲೇರಿತು ಎಂದು ನರ್ಸಿಗೆ ಕೂಗಿ ಹೇಳುತ್ತಿದ್ದಳು. ಪಕ್ಕದ ಹಾಸಿಗೆಯಲ್ಲಿ ಲಿಂಗಸುಗೂರು ಕಡೆಯ ಅಜ್ಜಿಯೊಬ್ಬಳಿದ್ದಳು. ಅವಳ ಸೊಸೆ ನಮಗೂ ಬಿಸಿನೀರು ಹಿಡಿದು ತರುತ್ತಿದ್ದಳು, ಅತ್ತೆ ಕಣ್ಣು ಮುಚ್ಚಿದಾಗ ಚೀಲ ತಾನು ನೋಡಿಕೊಳ್ಳುತ್ತಿದ್ದಳು. ಕೇಳದೇ ಮಾಡುತ್ತಿದ್ದಳು. ಅವರು ಮನೆಗೆ ಹೋಗುವ ದಿನ ಬಂದಾಗ ಅವಳ ಹೆಸರು ಕೇಳಿಕೊಳ್ಳುವುದನ್ನೇ ಮರೆತಿದ್ದೆವು.

ಹೆಂಗಸರ ವಾರ್ಡಾದ್ದರಿಂದ ನನ್ನ ಗಂಡನಿಗೆ ಒಳಗೆ ಬರಲು ಹೊತ್ತು ಗೊತ್ತುಮಾಡಿದ್ದರು. ಉಳಿದಂತೆ ಅಂಗಳದ ಬೇವಿನ ಗಿಡದ ಕೆಳಗೆ ನಿಂತಿರುತ್ತಿದ್ದರು. ಕುರಿಗಳನ್ನು ಚಿಕ್ಕಪ್ಪನ ಮಗನಿಗೆ ಒಪ್ಪಿಸಿ ಬಂದಿದ್ದರು. ಒಳಗೆ ಬಂದರೆ ಕೂರುತ್ತಿರಲಿಲ್ಲ, ಮಂಚದ ಕಂಬಿ ಹಿಡಿದು ನಿಲ್ಲುತ್ತಿದ್ದರು. ಒಂದು ದಿನ ತಲೆ ಬಗ್ಗಿಸಿಕೊಂಡೇ ಹೇಳಿದರು. "ಕುರಿ ಬಾಯಿ ತಗದು ತೇಕಿದ್ರ ನನಗ ತಿಳೀತದ. ಒಂದರ ಹೊಟ್ಟಿ ಕೆಳಗ ಒಂದು ತಲಿ ಇಟ್ಕೊಂಡ್ರ ನೆರಳಿಗೆ ಹೊಡೀತೀನಿ. ನೀ ಹೇಳದಿದ್ರ ನನಗ ಹೆಂಗ ತಿಳೀಬೇಕು?"

ನನ್ನಲ್ಲಿ ಉತ್ತರ ಇತ್ತು. ಆದರೆ ಅದು ಅವರಿಗೆ ಹೇಳುವಂಥದ್ದಲ್ಲ ಎಂದು ಅವತ್ತಿಗೂ ಅಂದುಕೊಂಡೆ.

ಹೇಳಿದ್ದು ಡಾಕ್ಟರಿಗೆ. ಯಾರೂ ಇಲ್ಲದ ಹೊತ್ತಿನಲ್ಲಿ ಅವರು ಮಂಚದ ಅಂಚಿಗೆ ಕೂತು, ಅಷ್ಟು ಬಿಸಿಲಲ್ಲಿ ನೀರು ಯಾಕೆ ಕುಡಿಯಲಿಲ್ಲ ಎಂದು ಕೇಳಿದರು. ನೀರಡಿಕೆ ಆಗಲಿಲ್ಲ ಎಂದೆ. ಅವರು ಚೀಲದ ಕಡೆ ಬೆರಳು ಮಾಡಿದರು. ಆಗ ಹತ್ತಿಕಟ್ಟಿಗೆ, ಬಯಲು, ಜಾಲಿ ಮರ, ಎಲ್ಲ ಹೇಳಿಬಿಟ್ಟೆ. ಅವರು ಬೈಯಲಿಲ್ಲ. ತಾನೂ ಆಪರೇಷನ್ ಥಿಯೇಟರಿನಲ್ಲಿ ದಿನವೆಲ್ಲ ನಿಲ್ಲಬೇಕಾದಾಗ ಬೆಳಿಗ್ಗೆಯಿಂದ ನೀರು ಮುಟ್ಟುವುದಿಲ್ಲ ಎಂದರು. ಅದನ್ನು ಕೇಳಿ ನನಗೆ ಯಾಕೋ ಅಳು ಬಂತು. ಹೋಗುವಾಗ ಅವರು ಇನ್ನೊಂದು ಮಾತು ಹೇಳಿದರು. ಬಿದ್ದ ಕೂಡಲೇ ನಿಮ್ಮವರು ಮೈಮೇಲೆ ಅಷ್ಟೊಂದು ನೀರು ಸುರಿದದ್ದರಿಂದ ನೀವು ಉಳಿದಿರಿ, ಅದನ್ನು ಮಾಡಲು ಹೇಳಿದವರು ಯಾರು ಎಂದು.

ನನಗೆ ಗೊತ್ತಿರಲಿಲ್ಲ. ಅತ್ತೆಯನ್ನು ಕೇಳಿದೆ. ಅವಳು ಕೈ ಮುಗಿದು, "ತಾಯಿ ಹೇಳಿದಳು," ಎಂದಳು. "ಆಕಿ ಕೇಳಿದ್ದು ಕೊಡ್ತೀನಂತ ಮಾತು ಕೊಟ್ಟೀನಿ. ನೀ ಮೊದಲ ಮನಿಗಿ ಬಾ."

ಯಾವ ತಾಯಿ? ಏನು ಕೇಳಿದಳು? ಯಾರ ಬಾಯಿಂದ ಕೇಳಿದಳು? ಅವಳು ಮತ್ತೆ ತುಟಿ ಬಿಚ್ಚಲಿಲ್ಲ. ಚೀಲದ ಬಣ್ಣ ಮಾತ್ರ ದಿನದಿಂದ ದಿನಕ್ಕೆ ತಿಳಿಯಾಗುತ್ತ ಬಂತು. ಡಯಾಲಿಸಿಸ್ ಇಲ್ಲದೆಯೇ ನನ್ನನ್ನು ಮನೆಗೆ ಕಳಿಸಿದರು. ಬಿಸಿಲು ತಗ್ಗುವವರೆಗೆ ಹೊರಗೆ ಕಾಲಿಡಬಾರದು, ತಿಂಗಳಿಗೊಮ್ಮೆ ಮಾನ್ವಿಯಲ್ಲಿ ರಕ್ತ ಪರೀಕ್ಷೆ ಮಾಡಿಸಬೇಕು ಎಂದರು.

ನಮ್ಮ ಮನೆಗೆ ತಗಡಿನ ಮಾಡು. ಅದಕ್ಕೇ ಅಣ್ಣ ನನ್ನನ್ನು ದೇವದುರ್ಗಕ್ಕೆ ಕರೆದುಕೊಂಡು ಹೋದ. ತವರುಮನೆಯ ನಡುಕೋಣೆ ದಪ್ಪ ಕಲ್ಲಿನ ಗೋಡೆಯದು, ಅಲ್ಲಿ ಕೂಲರ್ ಇಟ್ಟು ನನಗೆ ಮಂಚ ಹಾಕಿದ. ಅಲ್ಲಿ ಕಳೆದ ದಿನಗಳೇ ನನಗೆ ಆಸ್ಪತ್ರೆಗಿಂತ ಹೆಚ್ಚು ಭಯ ಹುಟ್ಟಿಸಿದವು. ಆಸ್ಪತ್ರೆಯಲ್ಲಿ ಎಲ್ಲರೂ ರೋಗಿಗಳು. ಇಲ್ಲಿ ಎಲ್ಲರೂ ನೆಟ್ಟಗೆ ನಡೆಯುವವರ ನಡುವೆ ನಾನೊಬ್ಬಳು ಗೋಡೆ ಹಿಡಿದು, ಕುಡಿದವರ ಹಾಗೆ ಓಲಾಡುತ್ತ ನಡೆಯುತ್ತಿದ್ದೆ. ಲೋಟ ಹಿಡಿದರೆ ಕೈ ನಡುಗುತ್ತಿತ್ತು. ಉಪ್ಪು ಕೊಡು ಎನ್ನಲು ಹೋಗಿ ಸುಣ್ಣ ಕೊಡು ಎಂದೆ. ಅತ್ತಿಗೆ ಸುಣ್ಣ ತಂದುಕೊಟ್ಟಳು. ಇಬ್ಬರೂ ನಕ್ಕೆವು. ಆದರೆ ಅವಳು ಅಡುಗೆಮನೆಗೆ ಹೋಗಿ ಕಣ್ಣು ಒರೆಸಿಕೊಂಡದ್ದು ನನಗೆ ಕಂಡಿತು.

ದೇಹ ನನ್ನದಾಗಿ ಉಳಿದಿರಲಿಲ್ಲ. ಹಾಗಾದರೆ ಇದು ಹೇಗೆ ನಡೆದುಕೊಳ್ಳುತ್ತದೆ ನೋಡೋಣ ಎಂದು, ಹೊಸದಾಗಿ ಕೊಂಡು ತಂದ ಎತ್ತಿನ ಹಾಗೆ ಅದನ್ನು ಗಮನಿಸತೊಡಗಿದೆ. ಮುಂಜಾನೆ ಹೊಸ್ತಿಲ ಮೇಲೆ ಕೂರುತ್ತಿದ್ದೆ. ಬಿಸಿಲು ಅಂಗಳದ ತುಳಸಿಕಟ್ಟೆ ದಾಟುವವರೆಗೆ ಆರಾಮ. ಅದು ಹೊಸ್ತಿಲ ಕಡೆ ಬರುತ್ತಿದ್ದಂತೆ ಕಿವಿಯ ಹಿಂದೆ ಬಿಸಿಯಾಗಿ, ತಲೆ ಹಗುರಾಗಿ, ಎದ್ದು ಒಳಗೆ ಓಡಬೇಕೆನ್ನಿಸುತ್ತಿತ್ತು. ಮೈ ಮಾತ್ರ ಒಣ ಒಣ. ಮನುಷ್ಯರಿಗೆ ಬೆವರು ಬರುವುದು ಎಷ್ಟು ದೊಡ್ಡ ಭಾಗ್ಯ ಎಂದು ಯಾರು ಯೋಚಿಸುತ್ತಾರೆ? ಒಂದು ದಿನ ಮಜ್ಜಿಗೆ ಕುಡಿದು ಕೂತಿದ್ದೆ. ಅತ್ತಿಗೆ ನನ್ನ ಮುಖ ನೋಡಿ ಹತ್ತಿರ ಬಂದಳು. ಮೂಗಿನ ಮೇಲೆ ಸಾಸಿವೆ ಕಾಳಿನಷ್ಟು ಬೆವರು. ಅವಳು ಅಣ್ಣನನ್ನು ಕರೆದು ತೋರಿಸಿದಳು. ಮೂವರೂ ಅದನ್ನು ನೋಡುತ್ತ ನಿಂತೆವು, ಒರೆಸಿಕೊಳ್ಳಲು ನನಗೇ ಮನಸ್ಸಾಗಲಿಲ್ಲ.

ಆ ಹೊತ್ತಿಗೇ ಖಾಜಾಬಿ ನನ್ನನ್ನು ನೋಡಲು ಬಂದದ್ದು. ಕವಿತಾಳದಲ್ಲಿ ಬಸ್ ಹತ್ತಿ, ಮಡಿಲಲ್ಲಿ ಒಂದು ಕಲ್ಲಂಗಡಿ ಇಟ್ಟುಕೊಂಡು ಬಂದಿದ್ದಳು. ಅತ್ತೆ ಇಲ್ಲದ ಜಾಗ. ಇವಳನ್ನು ಬಿಟ್ಟರೆ ನನಗೆ ಇನ್ನು ಯಾರೂ ಹೇಳುವುದಿಲ್ಲ ಎಂದು ಗೊತ್ತಿತ್ತು. ಅವಳ ಕೈ ಹಿಡಿದುಕೊಂಡು ಕೇಳಿದೆ.

"ನಿಮ್ಮತ್ತಿ ಹೇಳಬ್ಯಾಡ ಅಂದಾಳ," ಎಂದಳು. "ದೇವರ ಮಾತು, ಬಾಯಿ ಬಿಟ್ಟು ಆಡಬಾರದಂತ."

ನಾನು ಕೈ ಬಿಡಲಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿ ಹೇಳಿದಳು.

"ನೀ ಕಿತ್ತ ಕಟ್ಟಿಗಿನ ಮತ್ತ ನೆಲದಾಗ ನಿಲ್ಲಸಾಕತ್ತಿದ್ದಿ ಅಕ್ಕಾ. ರಾಶಿಯಿಂದ ಎಳಕೊಂಡು ಬಂದು ನಿನ್ನ ಸುತ್ತಲೂ ಹಚ್ಚಾಕತ್ತಿದ್ದಿ. ಅವು ಬೀಳಾಕತ್ತಿದ್ವು, ನೀ ಮತ್ತ ನಿಲ್ಲಸಾಕತ್ತಿದ್ದಿ. ಏನ್ ಮಾಡಾಕತ್ತೀ ಅಂತ ಕೇಳಿದೆ. ನನ್ನ ಕಡಿ ನೋಡಿದಿ, ಆದರ ನಾ ಯಾರಂತ ನಿನಗ ಗುರ್ತ ಸಿಗಲಿಲ್ಲ. ಮೈ ಮುಟ್ಟಿದ್ರ ಹಂಚು ಮುಟ್ಟಿದಂಗ ಇತ್ತು. ಆಮ್ಯಾಲ ನೀ ಮರಿ ಬೇಕು ಅಂದಿ. ಮರಿ ಕೊಡ್ರಿ, ಎಲ್ಲಾರೂ ನೋಡಾಕತ್ತಾರ, ಮರಿ ಕೊಡ್ರಿ ಅಂತ ಒಂದ ಸಮ ಒದರಿದಿ."

ಅತ್ತೆ ಹುಲಿಗೆಮ್ಮ ಇನ್ನೊಂದು ತುದಿಯಿಂದ ಓಡಿ ಬಂದಳಂತೆ. ಸೊಸೆಯ ಮೇಲೆ ನೀರಮಾನ್ವಿಯ ಎಲ್ಲಮ್ಮ ಬಂದಿದ್ದಾಳೆ, ಕುರಿಮರಿ ಕೇಳುತ್ತಿದ್ದಾಳೆ ಎಂದು ಅವಳಿಗೆ ಖಾತ್ರಿಯಾಯಿತು. ಸೊಂಟದ ಸಂಚಿಯಿಂದ ದೇವಿಯ ಅರಿಶಿನ, ಭಂಡಾರ ತೆಗೆದು ನನ್ನ ಹಣೆಗೆ ಬಳಿದು, ನೆಲಕ್ಕೆ ತಲೆ ಹಚ್ಚಿ, ಮರಿ ಕೊಡುತ್ತೇನೆ ತಾಯೀ, ನನ್ನ ಸೊಸೆಯನ್ನು ಬಿಟ್ಟುಕೊಡು ಎಂದು ಬೇಡಿಕೊಂಡಳು. ಆ ಹೊತ್ತಿಗೆ ನಾನು ಕುಸಿದು ಬಿದ್ದೆ. ತಾಯಿ ಉರಿಯುತ್ತಿದ್ದಾಳೆ, ತಣ್ಣಗೆ ಮಾಡಿರಿ, ಇದ್ದ ನೀರೆಲ್ಲ ಸುರಿಯಿರಿ ಎಂದು ಅತ್ತೆ ಕೂಗಿದಳು. ಹೆಂಗಸರು ಕೊಡಗಳನ್ನು ಎತ್ತಿ ತಂದು ತಲೆಯಿಂದ ಕಾಲಿನವರೆಗೆ ಸುರಿದರು, ಜಾಲಿಯ ನೆರಳಿಗೆ ಎಳೆದು ಸೆರಗಿನಿಂದ ಗಾಳಿ ಬೀಸಿದರು.

"ನೀರು ಅಷ್ಟು ಎಲ್ಲಿತ್ತು?" ಎಂದು ಕೇಳಿದೆ.

"ಕೊಡ ಎಲ್ಲಾ ತುಂಬಿ ಇದ್ವು," ಎಂದಳು ಖಾಜಾಬಿ. "ಯಾರೂ ಕುಡದಿದ್ದಿಲ್ಲಲ್ಲ."

ಅವಳು ಅದನ್ನು ಸಾದಾ ಮಾತಿನಂತೆ ಹೇಳಿ ಕಲ್ಲಂಗಡಿ ಹೆಚ್ಚಲು ಚಾಕು ಕೇಳಿದಳು. ನನಗೆ ಮಾತ್ರ ಆ ಬಯಲು ಹೊಲ, ನಾನು ನೆಡುತ್ತಿದ್ದ ಒಣಕಟ್ಟಿಗೆ, ಬೀಳುತ್ತಿದ್ದ ಗೋಡೆ, ಎಲ್ಲ ಒಮ್ಮೆಲೇ ಕಣ್ಣಿಗೆ ಕಟ್ಟಿತು. ನೆನಪಾಯಿತು ಎನ್ನಲಾರೆ. ನೆನಪು ಇವತ್ತಿಗೂ ಇಲ್ಲ. ಆದರೆ ಹೊಲದಲ್ಲಿ ಕಟ್ಟಿಗೆ ನೆಡುತ್ತಿದ್ದ ಆ ಹೆಂಗಸಿಗೆ ಏನು ಬೇಕಾಗಿತ್ತೆಂದು ನನಗೆ ಗೊತ್ತಾಯಿತು. ನಮ್ಮ ಕಡೆಯ ಮಾತಿನಲ್ಲಿ ಮನೆ ಮನಿಯಾಗುತ್ತದೆ, ಮರೆ ಮರಿಯಾಗುತ್ತದೆ. ಕುರಿಯ ಮರಿಯೂ ಮರಿಯೇ. ನಾನು ಕೇಳಿದ್ದು ಕುರಿಮರಿಯನ್ನಲ್ಲ. ಕೂರುವುದಕ್ಕೆ ಒಂದು ಮರೆ.

ಖಾಜಾಬಿಗೆ ಹೇಳಿದೆ. ಅವಳು ಚಾಕು ಕೆಳಗಿಟ್ಟಳು. "ಆ ಮರಿ ಏನು ಅಕ್ಕಾ?" ಎಂದು ಮೆಲ್ಲಗೆ ಕೇಳಿದಳು. ನಾನು ತಲೆಯಾಡಿಸಿದೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅತ್ತಿಗೆ ಗಾಬರಿಯಾಗಿ ಓಡಿ ಬಂದಳು. ಅಷ್ಟು ಹೊತ್ತಿಗೆ ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ತಿಳಿಯದ ಹಾಗಾಗಿತ್ತು.

ಈಗ ಇನ್ನೊಂದು ಕಷ್ಟ ಎದುರಾಯಿತು. ಇದನ್ನು ಅತ್ತೆಗೆ ಹೇಳಬೇಕೇ? ಮಳೆ ಬಿದ್ದು ಮನೆಗೆ ಮರಳಿದಾಗ ಅವಳು ಆಗಲೇ ಹಿಂಡಿನಲ್ಲಿ ಒಂದು ಮರಿಯನ್ನು ಗುರುತು ಮಾಡಿ ಇಟ್ಟಿದ್ದಳು. ಕರಿ ಮೈ, ಹಣೆಯ ಮೇಲೆ ಬಿಳಿ ಬೊಟ್ಟು. ಅದಕ್ಕೆ ದಿನಾ ತಾನೇ ಸೊಪ್ಪು ತಿನ್ನಿಸುತ್ತಿದ್ದಳು. ದೇವಿ ನಮ್ಮ ಮನೆಗೆ ಬಂದು ಹೋದಳು ಎಂಬ ಹೆಮ್ಮೆಯಲ್ಲಿ ಆ ಮುದುಕಿಯ ಬೆನ್ನು ನೆಟ್ಟಗಾಗಿತ್ತು. ಅದನ್ನು ಕಿತ್ತುಕೊಳ್ಳಲು ನನಗೆ ಮನಸ್ಸಿರಲಿಲ್ಲ. ಸುಮ್ಮನಿದ್ದರೆ ಮುಂದಿನ ಬೇಸಿಗೆಗೆ ಅದೇ ಹೊಲ, ಅದೇ ಬಯಲು. ಬೀಳುವವಳು ನಾನಲ್ಲದಿದ್ದರೆ ಖಾಜಾಬಿ.

ಮಾನ್ವಿಗೆ ರಕ್ತ ಪರೀಕ್ಷೆಗೆ ಹೋದಾಗಲೆಲ್ಲ ಅತ್ತೆಯೇ ಜೊತೆಗೆ ಬರುತ್ತಿದ್ದಳು. ರಕ್ತ ಕೊಟ್ಟು, ವರದಿ ಬರುವವರೆಗೆ ಪರೀಕ್ಷಾ ಕೇಂದ್ರದ ಹೊರಗಿನ ಬೆಂಚಿನ ಮೇಲೆ ಕೂತಿರಬೇಕು. ಕಿಡ್ನಿ ಸುಧಾರಿಸುತ್ತಿದೆಯೋ ಹಿಂದೆ ಬೀಳುತ್ತಿದೆಯೋ ಆ ಚೀಟಿಯೇ ಹೇಳಬೇಕು. ಅಂಥ ಒಂದು ದಿನ, ಭಯಕ್ಕೆ ಬಾಯಿ ಸಡಿಲವಾಗುತ್ತದಲ್ಲ, ಹಾಗೆ ಎಲ್ಲವನ್ನೂ ಹೇಳಿಬಿಟ್ಟೆ.

ಅತ್ತೆ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿದಳು. ಸಿಟ್ಟಾದಳು ಎಂದುಕೊಂಡೆ.

"ಅಷ್ಟ ಬೇಕಾಗಿತ್ತೇನು ನಿನಗ?" ಎಂದಳು.

"ಅಷ್ಟ ಅತ್ತಿ."

"ನಿನ್ನ ಗಂಡ ಹೊಟ್ಯಾಗ ಇದ್ದಾಗ," ಎಂದು ಶುರು ಮಾಡಿ ನಿಲ್ಲಿಸಿದಳು. ಅತ್ತ ಇತ್ತ ನೋಡಿ ದನಿ ತಗ್ಗಿಸಿದಳು. "ಆವಾಗೂ ಸಂಜಿತನಕ ತಡಕೊಂಡೀನಿ. ಹೊಟ್ಟಿ ಬಿರೀತಿತ್ತು. ಯಾರಿಗೆ ಹೇಳಬೇಕು? ನಮ್ಮತ್ತಿನೂ ಹಂಗ ತಡಕೊಂಡಾಕಿ. ನಾ ನಿನ್ನ ಒಂದ ದಿನ ಕೇಳಲಿಲ್ಲ ನೋಡವ್ವಾ."

ಇಷ್ಟು ವರ್ಷ ಒಂದೇ ಒಲೆಯ ಮುಂದೆ ಕೂತವರು ನಾವು. ಹೆಗಲಿಗೆ ಹೆಗಲು ಹಚ್ಚಿ ಕಟ್ಟಿಗೆ ಕಿತ್ತವರು. ಇಬ್ಬರೂ ಒಂದೇ ನೋವನ್ನು ಒಬ್ಬರಿಗೊಬ್ಬರು ಕಾಣದ ಹಾಗೆ ಹಿಡಿದುಕೊಂಡು ನಿಂತಿದ್ದೆವು.

ಹಾಗಾದರೆ ಹರಕೆ ಏನು ಮಾಡುವುದು ಎಂದು ಕೇಳಿದೆ. ದೇವಿ ಬಂದಿರಲಿಲ್ಲವಲ್ಲ.

"ಬಂದಿರಲಿಲ್ಲ ಅಂತ ಯಾರು ಹೇಳಿದ್ರು ನಿನಗ?" ಎಂದಳು ಅತ್ತೆ. "ನೀರು ಹಾಕ್ರಿ ಅಂತ ನನ್ನ ಬಾಯಾಗ ಹೇಳಿಸಿದಾಕಿ ಯಾರು? ನಾ ಮಾತು ಕೊಟ್ಟೀನಿ. ಎರಡೂ ಕೊಡೂಣು. ಆಕಿಗಿ ಆಕಿ ಮರಿ, ನಿನಗ ನಿನ್ನ ಮರಿ."

ಒಳಗಿನಿಂದ ಹೆಸರು ಕೂಗಿದರು. ವರದಿ ಹಿಂದಿನ ಸಲಕ್ಕಿಂತ ಚೆನ್ನಾಗಿತ್ತು.

ಮನೆಗೆ ಹೋದವಳೇ ಅತ್ತೆ ತನ್ನ ಮಗನನ್ನು ಕರೆದು ಕೂಡಿಸಿಕೊಂಡು, ನಾನು ಒಳಗೆ ಬಾಗಿಲ ಹಿಂದೆ ನಿಂತಿರುವಾಗಲೇ, ಒಂದೂ ಮುಚ್ಚುಮರೆ ಇಲ್ಲದೆ ಹೇಳಿದಳು. ಅವರು ಎದ್ದು ಕುರಿಹಟ್ಟಿ ಕಡೆ ಹೋದರು. ಸಂಜೆ ಬಂದು, ಕಂಬ ಎಲ್ಲಿ ನೆಡಲಿ ಎಂದು ನನ್ನನ್ನು ಕೇಳಿದರು. ಕಾಲುವೆ ದಾರಿಗೆ ಬೆನ್ನಾಗುವ ಹಾಗೆ ಜಾಗ ನಾನೇ ತೋರಿಸಿದೆ. ಗುಂಡಿ ತೋಡಿ ಕಲ್ಲು ಹಾಸಿದರು. ಸುತ್ತ ಕಟ್ಟಲು ನಮ್ಮಲ್ಲಿ ಹತ್ತಿಕಟ್ಟಿಗೆಗೆ ಏನು ಬರ? ಹಿಂದಿನ ರಾಶಿಯಿಂದಲೇ ಒತ್ತಾಗಿ ತಟ್ಟಿ ಹೆಣೆದೆವು, ಬಾಗಿಲಿಗೆ ಗೋಣಿಚೀಲದ ಪರದೆ. ಅದಕ್ಕೆ ತುಸು ದೂರದಲ್ಲಿ ಕೂತು ಉಣ್ಣಲು, ಮಲಗಲು ಒಂದು ಚಪ್ಪರ. ನೀರಮಾನ್ವಿಗೆ ಹೋಗಿ ಮರಿಗೆ ಭಂಡಾರ ಹಚ್ಚಿಸಿ ದೇವಿಯ ಹೆಸರಿನಲ್ಲಿ ಬಿಟ್ಟು, ಮತ್ತೆ ಜೊತೆಗೇ ಹೊಡೆದುಕೊಂಡು ಬಂದೆವು. ಅದು ಈಗಲೂ ನಮ್ಮ ಹಿಂಡಿನಲ್ಲೇ ತಿರುಗಾಡಿಕೊಂಡಿದೆ, ಯಾರೂ ಅದಕ್ಕೆ ಗದರುವುದಿಲ್ಲ.

ಊರಿನ ಕೆಲವರು ನಕ್ಕರು. ಹೊಲದಲ್ಲಿ ಗುಡಿ ಕಟ್ಟಿಸುತ್ತಾರೆಂದು ನೋಡಿದರೆ ಇದೇನು ಕಟ್ಟಿಸಿದರು ಎಂದರು. ಅತ್ತೆ ಯಾರಿಗ್ಯಾರಿಗೆ ಏನು ಉತ್ತರ ಕೊಟ್ಟಳೋ, ಆಮೇಲೆ ಆ ಮಾತು ನಿಂತಿತು.

ನಾನು ಮೊದಲಿನ ಹಾಗೆ ಆಗಿಲ್ಲ. ಬಿಸಿಲು ಒಮ್ಮೆ ಹೊಕ್ಕ ಮೈಗೆ ಅದರ ದಾರಿ ಗೊತ್ತಿರುತ್ತದೆ. ಈಗ ಬೇಸಿಗೆಯಲ್ಲಿ ಸೂರ್ಯ ಹುಟ್ಟುವ ಮೊದಲೇ ಹೊಲ ಸೇರುತ್ತೇನೆ, ಬಿಸಿಲು ಚುರುಕಾಗುತ್ತಿದ್ದಂತೆ ಚಪ್ಪರ ಸೇರುತ್ತೇನೆ. ಹೊತ್ತು ಇಳಿದ ಮೇಲೆ ಆದಷ್ಟು. ಕೆಲಸ ಅರ್ಧವೇ ಆಗುತ್ತದೆ. ಕಿಡ್ನಿ ಪೂರ್ತಿ ಮೊದಲಿನಂತಾಗಿಲ್ಲ, ಮಾನ್ವಿಯ ಬೆಂಚು ತಪ್ಪಿಲ್ಲ. ಆ ಬೆಂಚಿನ ಮೇಲೆ ನನ್ನ ಹಾಗೆಯೇ ಸೆರಗಿನ ಚುಂಗು ಹೊಸೆಯುತ್ತ ಕೂತವರು ಕಂಡರೆ ನಾನೇ ಮಾತಾಡಿಸುತ್ತೇನೆ. ಹೊಲದ ಕೆಲಸವೇನು ಎಂದು ಕೇಳುತ್ತೇನೆ. ಹೌದೆಂದರೆ ಇನ್ನೊಂದು ಪ್ರಶ್ನೆ ಕೇಳುತ್ತೇನೆ. ಅವರು ಮೊದಲು ನಾಚುತ್ತಾರೆ, ಆಮೇಲೆ ನಿಲ್ಲಿಸದೆ ಮಾತಾಡುತ್ತಾರೆ.

ಬಿದ್ದ ಮರುವರ್ಷ, ಹತ್ತಿಕಟ್ಟಿಗೆ ಕೀಳುವ ಮೊದಲ ದಿನದ ಮಾತು ಹೇಳಿ ಮುಗಿಸುತ್ತೇನೆ. ಹೆಂಗಸರೆಲ್ಲ ಬಂದರು, ತಟ್ಟಿಯ ಮರೆಯನ್ನು ನೋಡಿದರು, ಚೆನ್ನಾಗಿದೆ ಎಂದರು, ಕೆಲಸಕ್ಕೆ ನಿಂತರು. ಎಷ್ಟು ಹೊತ್ತಾದರೂ ಒಬ್ಬರೂ ನೀರು ಮುಟ್ಟಲಿಲ್ಲ. ಖಾಜಾಬಿಯೂ ಇಲ್ಲ. ಎದ್ದು ಎಲ್ಲರ ಕಣ್ಣೆದುರು ಅದರೊಳಗೆ ಹೋಗುವುದು ಹೇಗೆ ಎಂಬ ಸಂಕೋಚ. ನನಗೂ ಹಾಗೇ ಆಗಿತ್ತು, ಸುಳ್ಳು ಹೇಳುವುದಿಲ್ಲ.

ಆಗ ಅತ್ತೆ ಕೈಯ ಬಟ್ಟೆ ಬಿಚ್ಚಿ ಬಂದು, ಎಲ್ಲರ ಎದುರು ನಿಂತುಕೊಂಡು ಒಂದು ಚರಿಗೆ ನೀರು ಗಟಗಟ ಕುಡಿದಳು. ಚಪ್ಪರದಲ್ಲಿ ಸ್ವಲ್ಪ ಹೊತ್ತು ಕೂತಳು. ಆಮೇಲೆ ಸೊಂಟಕ್ಕೆ ಕೈಯಿಟ್ಟುಕೊಂಡು ನಿಧಾನವಾಗಿ ಎದ್ದು, ಹೊಲದ ನಡುವೆ ನಡೆದುಕೊಂಡು ಹೋಗಿ, ಪರದೆ ಸರಿಸಿ ಒಳಗೆ ಹೋದಳು. ಯಾರೂ ಕೆಲಸ ನಿಲ್ಲಿಸಲಿಲ್ಲ, ಯಾರೂ ಆ ಕಡೆ ನೋಡಲೂ ಇಲ್ಲ. ಅವಳು ಹೊರಗೆ ಬಂದು ಇನ್ನೊಂದು ಚರಿಗೆ ಕೇಳಿದಳು. ನಾನು ಕೊಟ್ಟೆ. ಖಾಜಾಬಿ ಬಂದು ತನಗೂ ಎಂದಳು. ಅವಳ ಹಿಂದೆ ಉಳಿದವರು.

ಹೊತ್ತು ಏರಿದ ಮೇಲೆ ಬದುವಿನ ಆಚೆ, ಪಕ್ಕದ ಹೊಲದವರು ಮೂವರು ಹೆಂಗಸರು ಬಂದು ನಿಂತರು. ನಮಗೆ ಗುರುತಿಲ್ಲದವರು, ಯಾವುದೋ ಬೇರೆ ಊರಿನಿಂದ ಕೂಲಿಗೆ ಬಂದವರು. ಬದು ದಾಟಲಿಲ್ಲ. ಅವರಲ್ಲಿ ಹಿರಿಯಳು ತಟ್ಟಿಯ ಕಡೆ ಕಣ್ಣು ಮಾಡಿ, "ಯವ್ವಾ, ನಾವೂ ಹೋಗಿ ಬರಬಹುದೇನ್ರೀ?" ಎಂದು ಅಳುಕುತ್ತ ಕೇಳಿದಳು.

ಅತ್ತೆ ಸರಿದು ಚಪ್ಪರದಲ್ಲಿ ಜಾಗ ಮಾಡಿದಳು.

"ಬರ್ರಿ," ಎಂದಳು. "ಮೊದಲ ನೀರು ಕುಡೀರಿ."